ಹಿಮದ ಮೇಲೆ ಬಣ್ಣದ ಗುಂಡು

ಅಮೆರಿಕ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ ಆರು ಚಿಕ್ಕ ರಾಜ್ಯಗಳಿವೆ. ಇವುಗಳನ್ನು ಒಟ್ಟಾಗಿ ನ್ಯೂ ಇಂಗ್ಲೆಂಡ್ ಎಂದು ಕರೆಯುವುದು ರೂಢಿ. ಆರರಲ್ಲಿ ಒಂದಾದ ನ್ಯೂ ಹ್ಯಾಂಪ್‌ಶೈರ್ ಗುಡ್ಡಗಾಡಿನ ನಾಡು. ಅದರ ಉತ್ತರದಲ್ಲಿರುವ ವಾಷಿಂಗ್ಟನ್ ಶಿಖರ 1,917 ಮೀಟರ್ ಎತ್ತರದ್ದು. 1934ರ ಏಪ್ರಿಲ್ 12ರಂದು ಅಲ್ಲಿ ಗಂಟೆಗೆ 231 ಮೈಲಿ ವೇಗದ ಗಾಳಿ ಬೀಸಿದ್ದು ದಾಖಲೆಯಾಗಿದೆ. ನಾವು ಅಷ್ಟು ಎತ್ತರಕ್ಕೆ ಏರಿದವರಲ್ಲ. ನಾವು ನಾಲ್ಕು ದಿನ ತಂಗಿದ್ದು ಇದೇ ರಾಜ್ಯದ ದಕ್ಷಿಣ ಭಾಗದ ಹೆನಿಕರ್ ಎಂಬ ಸಣ್ಣ ಊರಿನ ಆಸುಪಾಸಿನಲ್ಲಿ.

ಹೆನಿಕರ್ ಊರಿನ ನಡುವೆ ಕಾಂಟೂಕುಕ್ ಎಂಬ ನದಿ ಹರಿಯುತ್ತದೆ. ಚಳಿಗಾಲದಲ್ಲಿ ಅದರ ದಂಡೆಗಳು ಹೆಪ್ಪುಗಟ್ಟಿ, ನಡುವೆ ಮಾತ್ರ ಕಪ್ಪಾದ ನೀರಿನ ಎಳೆಯೊಂದು ಚಲಿಸುತ್ತಿರುತ್ತದೆ. ನದಿಯ ಮೇಲೆ ಮನೆಯಂತೆ ಮಾಡು ಹೊದಿಸಿದ ಮರದ ಸೇತುವೆಯಿದೆ. ನೋಡಲು ಪುರಾತನವೆನಿಸಿದರೂ ಅದನ್ನು ಕಟ್ಟಿದ್ದು 1972ರಲ್ಲಿ. ಜಗತ್ತಿನಲ್ಲಿ ಈ ಹೆಸರಿನ ಊರು ತಮ್ಮದೊಂದೇ ಎಂಬುದು ಇಲ್ಲಿಯವರ ಅಭಿಮಾನದ ಮಾತು. ನಮ್ಮ ಸೀಮೆಯಲ್ಲಿ ಒಂದೇ ಹೆಸರಿನ ಹತ್ತಾರು ಹಳ್ಳಿಗಳನ್ನು ಕಂಡ ನಮಗೆ ಈ ಹೆಮ್ಮೆ ತುಸು ವಿನೋದವಾಗಿಯೇ ತೋರಿತು.

ನಮ್ಮ ತಮ್ಮನ ಮಗ ಇಪ್ಪತ್ತು ವರ್ಷಗಳಿಂದ ಬಾಸ್ಟನ್ ನಗರದ ಸಮೀಪದಲ್ಲಿ ನೆಲೆಸಿದ್ದಾನೆ. ಆ ರಾಜ್ಯದ ಶಾಲೆಗಳಿಗೆ ಫೆಬ್ರುವರಿ ತಿಂಗಳ ಮೂರನೆಯ ವಾರ ರಜೆ. ಆ ವಾರ ಅನೇಕ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಉತ್ತರದ ಗುಡ್ಡಗಳಿಗೆ ಸ್ಕೀಯಿಂಗ್ ಆಡಲು ಹೊರಡುತ್ತವೆ. 2025ರ ಫೆಬ್ರುವರಿಯಲ್ಲಿ ನಾವು ಅವರ ಮನೆಯಲ್ಲಿದ್ದೆವು. ನಮ್ಮನ್ನೂ ಬಿಡದೆ ಕರೆದೊಯ್ದರು. ಧೋತರದ ಮೇಲೆ ಮೊಣಕಾಲು ಮುಚ್ಚುವ ಕೋಟು, ಒಂದರ ಮೇಲೊಂದು ಎರಡು ಜೊತೆ ಉಣ್ಣೆಯ ಕಾಲುಚೀಲ: ಇದು ನಮ್ಮ ವೇಷ.

ಊರ ಹೊರಗೆ ಪ್ಯಾಟ್ಸ್ ಪೀಕ್ ಎಂಬ ಸ್ಕೀ ಗುಡ್ಡವಿದೆ. ಅಲ್ಲಿಯ ಹಿಮವೆಲ್ಲ ಆಕಾಶದಿಂದ ಬಿದ್ದುದಲ್ಲ. ನೀರನ್ನೂ ಒತ್ತಿ ತುಂಬಿದ ಗಾಳಿಯನ್ನೂ ಕೂಡಿಸಿ ಯಂತ್ರಗಳ ಮೂಲಕ ಚಿಮುಕಿಸುತ್ತಾರೆ. ಆ ಸಣ್ಣ ಹನಿಗಳು ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟಿ ಹಿಮವಾಗುತ್ತವೆ. ಇಳಿಜಾರು ದಾರಿಗಳಿಗೆ ಗುರುತಿನ ಫಲಕಗಳಿವೆ: ಹಸಿರು ವೃತ್ತ ಕಲಿಯುವವರಿಗೆ, ನೀಲಿ ಚೌಕ ಸ್ವಲ್ಪ ಪಳಗಿದವರಿಗೆ, ಕಪ್ಪು ವಜ್ರ ನುರಿತವರಿಗೆ. ಹದಿನೈದರ ಮೊಮ್ಮಗ ನೀಲಿಯಲ್ಲಿ, ಹನ್ನೊಂದರ ಮೊಮ್ಮಗಳು ಹಸಿರಿನಲ್ಲಿ ಜಾರಿ ಬರುತ್ತಿದ್ದರು. ನಾವು ಕೆಳಗಿನ ವಿಶ್ರಾಂತಿ ಗೃಹದ ಗಾಜಿನ ಬಳಿ ಕುಳಿತು ನೋಡುತ್ತಿದ್ದೆವು. ಬಿಸಿ ಚಾಕೊಲೇಟ್ ಹಾಲು ಬಂದಾಗ ಅದರ ಮೇಲೆ ಅರಳೆಯ ಉಂಡೆಗಳಂತಹ ಬಿಳಿಯ ಮಿಠಾಯಿ ತೇಲುತ್ತಿತ್ತು. ಸೊಸೆ ಅದನ್ನು ಮರಳಿಸಿ ಬೇರೆ ತರಿಸಿದಳು. ಆ ಮಿಠಾಯಿಯಲ್ಲಿ ಜಿಲೆಟಿನ್ ಇರುತ್ತದೆ. ಜಿಲೆಟಿನ್ ಎಂದರೆ ಪ್ರಾಣಿಗಳ ಚರ್ಮ ಮತ್ತು ಎಲುಬುಗಳಿಂದ ತೆಗೆದ ಅಂಟು. ಪರದೇಶದಲ್ಲಿ ಸಸ್ಯಾಹಾರವನ್ನು ಕಾಪಾಡಿಕೊಂಡು ಬಂದ ನಮ್ಮ ಹೆಣ್ಣುಮಕ್ಕಳು ಪ್ರತಿಯೊಂದು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದರಲ್ಲಿ ಪಂಡಿತರಾಗಿದ್ದಾರೆ.

ಆ ರಾತ್ರಿ ಮೊಮ್ಮಗ ಹೊಸದೊಂದು ಬೇಡಿಕೆಯಿಟ್ಟ. ಪೇಂಟ್‌ಬಾಲ್ ಎಂಬ ಆಟ ಹುಟ್ಟಿದ್ದು ಇದೇ ಹೆನಿಕರ್‌ನಲ್ಲಿ. ಒಂದು ಗಂಟೆಯ ದಾರಿಯಲ್ಲಿ ಚಳಿಗಾಲದಲ್ಲಿಯೂ ತೆರೆದಿರುವ ಆಟದ ಕಾಡೊಂದಿದೆ. ಹಿಮದಲ್ಲಿ ಒಮ್ಮೆ ಆಡಿ ನೋಡಬೇಕು ಎಂದು.

ಹುಡುಗನ ಮಾತು ನಿಜ. 1981ರ ಜೂನ್ 27ರಂದು ಈ ಊರಿನ ಕಾಡಿನಲ್ಲಿ ಹನ್ನೆರಡು ಜನ ಕೂಡಿ ಈ ಆಟವನ್ನು ಮೊಟ್ಟಮೊದಲಿಗೆ ಆಡಿದರು. ಅದರ ಮೂಲ ಒಂದು ವಾದ. ಹೇಯ್ಸ್ ನೋಯೆಲ್ ಎಂಬವರು ನ್ಯೂಯಾರ್ಕಿನ ಷೇರು ವ್ಯವಹಾರಸ್ಥರು. ಚಾರ್ಲ್ಸ್ ಗೇನ್ಸ್ ಎಂಬವರು ಲೇಖಕರು. ಪೇಟೆಯ ಪೈಪೋಟಿಯಲ್ಲಿ ಪಳಗಿದವನು ಕಾಡಿನಲ್ಲಿ ಬದುಕಿಯಾನೋ, ಕಾಡನ್ನು ಬಲ್ಲವನೇ ಉಳಿಯುವನೋ ಎಂಬುದು ಇವರ ಚರ್ಚೆ. ಅದನ್ನು ಬಗೆಹರಿಸಲು ಇವರಿಗೆ ಒದಗಿದ ಸಾಧನ ನೆಲ್ಸನ್ ಪೇಂಟ್ ಕಂಪನಿಯ ಒಂದು ಪಿಸ್ತೂಲು. ಕಡಿಯಬೇಕಾದ ಮರಗಳಿಗೂ ದನಕರುಗಳಿಗೂ ದೂರದಿಂದಲೇ ಬಣ್ಣದ ಗುರುತು ಹಾಕಲು ಮಾಡಿದ ಉಪಕರಣವದು. ಬಾಬ್ ಗರ್ನ್ಸಿ ಎಂಬ ಮೂರನೆಯ ಮಿತ್ರರು ಕೂಡಿ ನಿಯಮಗಳು ಸಿದ್ಧವಾದವು. ಕಾಡಿನ ನಾಲ್ಕು ಕಡೆ ನಾಲ್ಕು ಬಣ್ಣದ ಬಾವುಟಗಳು. ಬಣ್ಣದ ಏಟು ಬೀಳದಂತೆ ನಾಲ್ಕನ್ನೂ ಕೂಡಿಸಿಕೊಂಡು ಹೊರಬಂದವನು ಗೆದ್ದ. ಗೆದ್ದವರು ರಿಚೀ ವೈಟ್ ಎಂಬ ಅರಣ್ಯ ಕೆಲಸಗಾರರು. ಅವರು ಒಂದು ಗುಂಡನ್ನೂ ಹಾರಿಸಲಿಲ್ಲ, ಯಾರ ಕಣ್ಣಿಗೂ ಬೀಳಲಿಲ್ಲ. ಗುಂಡಿನ ಆಟದ ಮೊದಲ ವಿಜಯ ಗುಂಡು ಹಾರಿಸದವರ ಪಾಲಿಗೆ ಬಂದುದು ನಮ್ಮ ಮನಸ್ಸಿನಲ್ಲಿ ನಿಂತ ಸಂಗತಿ.

ಆದರೆ ಸೊಸೆ ಒಪ್ಪಲಿಲ್ಲ. ಈ ಗುಂಡಿನ ಹೊರಕವಚ ಜಿಲೆಟಿನ್ ಎಂಬುದು ಆಕೆಯ ಮೊದಲ ಆಕ್ಷೇಪ. ಅದು ಸತ್ಯ. ಮೂರು ಗ್ರಾಂ ತೂಕದ, ಬೋರೆಹಣ್ಣಿನಷ್ಟು ಗಾತ್ರದ ಆ ಗುಂಡಿನ ಹೊರಪದರ ಜಿಲೆಟಿನ್ನಿನದು. ಒಳಗಿರುವುದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರವ ಮತ್ತು ನೀರಿನಲ್ಲಿ ತೊಳೆದುಹೋಗುವ ಬಣ್ಣ. ಹಿರಿಯರೆಂದು ನಮ್ಮ ಅಭಿಪ್ರಾಯ ಕೇಳಿದರು. ಬಾಯಿಗೆ ಹೋಗದ ವಸ್ತುವಿಗೆ ಊಟದ ನಿಯಮವನ್ನು ಹೇರಬೇಕಾಗಿಲ್ಲ, ಅದೇ ಜಿಲೆಟಿನ್ನಿನ ಕೋಶದಲ್ಲಿ ತುಂಬಿದ ಔಷಧಿಯನ್ನು ನಮ್ಮ ಮನೆಗಳಲ್ಲಿ ನಿತ್ಯ ನುಂಗುತ್ತಿದ್ದೇವೆ, ಆಟ ಮುಗಿದ ಮೇಲೆ ಮಿಂದು ಪೂಜೆಗೆ ಕುಳಿತರಾಯಿತು ಎಂದೆವು. ಇದನ್ನೂ ಬೇಡವೆನ್ನುವವರ ನಿಷ್ಠೆಯ ಬಗೆಗೆ ನಮಗೆ ಗೌರವವೇ ಇದೆ.

ಆಕೆಯ ಎರಡನೆಯ ಮಾತಿಗೆ ಉತ್ತರ ಅಷ್ಟು ಸುಲಭವಾಗಿರಲಿಲ್ಲ.

"ಮಾವಾರ, ಈ ದೇಶದಾಗ ಇದ್ದು ಮಕ್ಕಳ ಕೈಯಾಗ ಬಂದೂಕು ಕೊಡು ಅಂತೀರೇನ್ರಿ?"

ಇದೇ ನ್ಯೂ ಇಂಗ್ಲೆಂಡಿನ ಕನೆಕ್ಟಿಕಟ್ ರಾಜ್ಯದ ನ್ಯೂಟೌನ್‌ನಲ್ಲಿ, 2012ರ ಡಿಸೆಂಬರ್ 14ರಂದು, ಸ್ಯಾಂಡಿ ಹುಕ್ ಪ್ರಾಥಮಿಕ ಶಾಲೆಗೆ ನುಗ್ಗಿದ ಯುವಕನೊಬ್ಬ 20 ಮಕ್ಕಳನ್ನೂ 6 ಮಂದಿ ಸಿಬ್ಬಂದಿಯನ್ನೂ ಗುಂಡಿಟ್ಟು ಕೊಂದ. ನಮ್ಮ ಮೊಮ್ಮಗ ಆಗ ಮೂರು ವರ್ಷದ ಕೂಸು. ಆ ಮನೆಯಲ್ಲಿ ಅಂದಿನಿಂದ ಆಟಿಕೆಯ ಪಿಸ್ತೂಲಿಗೂ ಪ್ರವೇಶವಿಲ್ಲ. ಆಟಗಾರರು ಇದನ್ನು ಬಂದೂಕು ಎನ್ನದೆ ಮಾರ್ಕರ್, ಅಂದರೆ ಗುರುತು ಹಾಕುವ ಸಾಧನ ಎನ್ನುತ್ತಾರೆಂದು ಹುಡುಗ ವಾದಿಸಿದ. ಹೆಸರು ಬದಲಾದರೆ ಕೊಳವೆ ಬದಲಾಗುತ್ತದೆಯೇ ಎಂದು ತಾಯಿ ಕೇಳಿದಳು. ಆಕೆಯ ತರ್ಕದಲ್ಲಿ ನಮಗೆ ದೋಷ ಕಾಣಲಿಲ್ಲ.

ನಾವು ಆಟದ ನಿಯಮಗಳನ್ನು ಓದಿಸಿ ಕೇಳಿದೆವು. ಮೈದಾನದಲ್ಲಿ ಮುಖಕವಚ ತೆಗೆಯುವಂತಿಲ್ಲ. ಹೊರಗೆ ಬಂದೊಡನೆ ಕೊಳವೆಯ ಬಾಯಿಗೆ ಚೀಲ ಕಟ್ಟಬೇಕು. ಗುಂಡಿನ ವೇಗ ಸೆಕೆಂಡಿಗೆ 300 ಅಡಿ ಮೀರದಂತೆ ಯಂತ್ರದಿಂದ ಅಳೆಯುತ್ತಾರೆ. ತೀರ ಹತ್ತಿರವಿದ್ದವನಿಗೆ ಹೊಡೆಯದೆ ಶರಣಾಗೆಂದು ಕೇಳಬೇಕು. ಬಣ್ಣ ತಗುಲಿದವನು ತಾನೇ ಕೈಯೆತ್ತಿ ಹೊರನಡೆಯಬೇಕು. ಎತ್ತಿದ ಕೈಗೆ ಯಾರೂ ಹೊಡೆಯುವಂತಿಲ್ಲ. ಈ ಕೊನೆಯ ನಿಯಮ ನಮಗೆ ಮೆಚ್ಚುಗೆಯಾಯಿತು. ತನ್ನ ಸೋಲನ್ನು ತಾನೇ ಸಾರಬೇಕಾದ ಆಟಗಳು ಹೆಚ್ಚಿಲ್ಲ. ಒಮ್ಮೆ ಹೋಗಿ ಬರಲಿ ಎಂದೆವು. "ಹಂಗಾದ್ರ ನಾನೂ ಬರತೀನ್ರಿ" ಎಂದಳು ಸೊಸೆ.

ಮರುದಿನ ಶೂನ್ಯಕ್ಕಿಂತ ಎಂಟು ಡಿಗ್ರಿ ಕೆಳಗಿನ ಚಳಿ. ಬಲೆ ಕಟ್ಟಿದ ಅಂಚಿನ ಹಿಂದೆ ನಾವು ಮೂವರು ಹಿರಿಯರು ನಿಂತೆವು. ಈ ಆಟಕ್ಕೂ ಚಳಿಗೂ ಅಷ್ಟಾಗಿ ಹೊಂದಿಕೆಯಿಲ್ಲವೆಂಬುದು ಬೇಗನೆ ತಿಳಿಯಿತು. ಜಿಲೆಟಿನ್ ಚಳಿಗೆ ಗಡುಸಾಗಿ ಕೊಳವೆಯೊಳಗೇ ಒಡೆಯುತ್ತದೆ. ಆದ್ದರಿಂದ ಆಟಗಾರರು ಗುಂಡುಗಳನ್ನು ಎದೆಯ ಬಳಿಯ ಒಳಜೇಬಿನಲ್ಲಿ ಬೆಚ್ಚಗಿಟ್ಟುಕೊಳ್ಳುತ್ತಾರೆ. ಇಂಗಾಲದ ಡೈ ಆಕ್ಸೈಡ್ ತುಂಬಿದ ಸಿಲಿಂಡರಿನ ಒತ್ತಡ ಇಂತಹ ಚಳಿಯಲ್ಲಿ ಅರ್ಧಕ್ಕಿಂತ ಕೆಳಗಿಳಿಯುವುದರಿಂದ ಅಲ್ಲಿ ಒತ್ತಿ ತುಂಬಿದ ಗಾಳಿಯನ್ನೇ ಬಳಸುತ್ತಿದ್ದರು. ಉಸಿರಿನ ಹಬೆಗೆ ಮುಖಕವಚದ ಗಾಜು ಮಸುಕಾಗುತ್ತಿತ್ತು. ಹಿಮಕ್ಕಾದರೋ ಪಕ್ಷಪಾತವಿಲ್ಲ. ಯಾರು ಎಲ್ಲಿ ಅಡಗಿದರೂ ಹೆಜ್ಜೆಗುರುತು ಹಿಂದಿನಿಂದಲೇ ಸಾಕ್ಷಿ ಹೇಳುತ್ತಿತ್ತು. ಗುರಿ ತಪ್ಪಿದ ಗುಂಡುಗಳು ಬಿಳಿಯ ನೆಲದ ಮೇಲೆ ಕಿತ್ತಳೆ ಮತ್ತು ಗುಲಾಬಿ ಬಣ್ಣದಲ್ಲಿ ಒಡೆದು ಬೀಳುತ್ತಿದ್ದವು. ಹೋಳಿಯ ಮರುದಿನದ ಓಣಿಯ ನೆನಪಾಯಿತು.

ಮೊಮ್ಮಗನ ಬೆನ್ನಿಗೆ ಒಂದು ಏಟು ಬಿತ್ತು. ಹೊಡೆದವನಿಗೂ ಅದು ತಿಳಿದಂತಿರಲಿಲ್ಲ, ಆತ ಆಗಲೇ ಬೇರೆ ಕಡೆ ತಿರುಗಿದ್ದ. ಹುಡುಗ ಒಂದು ಕ್ಷಣ ನಿಂತ. ಆಮೇಲೆ ಕೈಯೆತ್ತಿ ನೇರವಾಗಿ ಹೊರನಡೆದ. ತಾಯಿಯ ಮುಖವನ್ನು ನಾವು ನೋಡಿದೆವು. ಆಕೆ ಏನೂ ಹೇಳದಿದ್ದರೂ ಬಲೆಯನ್ನು ಬಿಗಿಯಾಗಿ ಹಿಡಿದಿದ್ದ ಕೈ ಸಡಿಲವಾಗಿತ್ತು.

ಮೊಮ್ಮಗಳು ಎಲ್ಲಿದ್ದಾಳೆಂಬುದೇ ತಿಳಿಯಲಿಲ್ಲ. ಆಟ ಮುಗಿದ ಸೀಟಿ ಊದಿದಾಗ, ಬಿದ್ದ ದೊಡ್ಡ ಮರವೊಂದರ ಬುಡದ ತಗ್ಗಿನಿಂದ ಎದ್ದು ಬಂದಳು. ಮೈಮೇಲೆ ಒಂದು ಚುಕ್ಕೆ ಬಣ್ಣವಿಲ್ಲ. ತುಂಬಿದ ಗುಂಡುಗಳು ಹಾಗೆಯೇ ಇದ್ದವು. ಮೊದಲ ಆಟದ ಆ ಅರಣ್ಯ ಕೆಲಸಗಾರರ ಹೆಸರನ್ನು ಹೇಳಿ ಬೆನ್ನು ತಟ್ಟಬೇಕೆಂದು, ಇಷ್ಟು ಹೊತ್ತು ಅಲುಗಾಡದೆ ಹೇಗೆ ಕುಳಿತೆಯವ್ವಾ ಎಂದು ಕೇಳಿದೆವು.

"ಸಾಲ್ಯಾಗ ಕಲಿಸ್ಯಾರಲ್ರಿ ಅಜ್ಜಾರ. ಲೈಟ್ ತೆಗೀತಾರ. ಮೂಲ್ಯಾಗ ಕೂಡಬೇಕು. ಸದ್ದು ಮಾಡಬಾರದು."

ಬಂದೂಕುಧಾರಿ ನುಗ್ಗಿದರೆ ಅಡಗುವುದು ಹೇಗೆಂಬ ಅಭ್ಯಾಸವನ್ನು ಅಲ್ಲಿಯ ಶಾಲೆಗಳಲ್ಲಿ ಮಾಡಿಸುತ್ತಾರೆ. ಮಗು ಅದನ್ನು ಮಗ್ಗಿ ಒಪ್ಪಿಸಿದಷ್ಟು ಸಹಜವಾಗಿ ಹೇಳಿತು. ಬೆನ್ನು ತಟ್ಟಲು ಎತ್ತಿದ ಕೈಯನ್ನು ನಾವು ಆಕೆಯ ಟೋಪಿಯ ಮೇಲಿನ ಹಿಮ ಕೊಡವಲು ಬಳಸಿದೆವು. ಕಾಡನ್ನು ಬಲ್ಲವನು ಗುಂಡು ಹಾರಿಸದೆ ಗೆಲ್ಲುವುದು ಒಂದು. ಅಂಜಿಕೆಯನ್ನು ಪಾಠವಾಗಿ ಕಲಿತ ಮಗು ಗುಂಡು ಹಾರಿಸದೆ ಉಳಿಯುವುದು ಇನ್ನೊಂದು. ಸೊಸೆ ಏನೂ ಮಾತನಾಡದೆ ಮಗಳ ಕೈಚೀಲಗಳನ್ನು ಕಳಚಿ ಬೆರಳುಗಳನ್ನು ಉಜ್ಜತೊಡಗಿದಳು.

ಎರಡನೆಯ ಸುತ್ತಿಗೆ ಹೋಗುವುದು ಬೇಡವೆಂದು ತಂದೆ ಹೇಳಿದ. ಹೋಗಲಿ ಎಂದವಳು ತಾಯಿ. ಮಗಳ ಕಿವಿಯಲ್ಲಿ ಏನೋ ಹೇಳಿ ಕಳಿಸಿದಳು; ಅದು ಏನೆಂದು ನಾವು ಕೇಳಲಿಲ್ಲ. ಈ ಸಲ ಹುಡುಗಿ ಅಡಗಲಿಲ್ಲ. ಮರದಿಂದ ಮರಕ್ಕೆ ಕಿರಿಚುತ್ತ ಓಡಿದಳು, ಅಣ್ಣನ ಭುಜಕ್ಕೆ ಗುಲಾಬಿ ಬಣ್ಣ ಬಳಿದಳು, ಮರುಕ್ಷಣವೇ ತಾನೂ ಏಟು ತಿಂದು ಎರಡೂ ಕೈ ಎತ್ತಿಕೊಂಡು ನಗುತ್ತ ಬಂದಳು. ತೋಳಿನ ಮೇಲೆ ರೂಪಾಯಿ ಅಗಲದ ಕೆಂಪು ಬಾವು ಎದ್ದಿತ್ತು.

ಸಂಜೆ ವಸತಿಗೃಹದ ಸ್ನಾನದ ಮನೆಯಲ್ಲಿ ಕೋಟುಗಳನ್ನು ನೆನೆಹಾಕಿದೆವು. ಬಣ್ಣ ಬರಿಯ ನೀರಿಗೇ ಬಿಟ್ಟುಹೋಯಿತು. ಮುಂದಿನ ವರ್ಷವೂ ಹೋಗಬೇಕೆಂದು ಮೊಮ್ಮಗ ಅರ್ಜಿ ಹಾಕಿದ. ಸ್ವಂತದ ಮುಖಕವಚ ಕೊಡಿಸುತ್ತೇನೆ, ಮಾರ್ಕರ್ ಮಾತ್ರ ನಮ್ಮ ಹೊಸಿಲು ದಾಟಬಾರದು, ಅದನ್ನು ಆಟದ ಜಾಗದಲ್ಲಿಯೇ ಬಾಡಿಗೆಗೆ ಪಡೆಯಬೇಕು ಎಂಬುದು ತಾಯಿಯ ತೀರ್ಪು. ಹುಡುಗ ಈಗಲೂ ದೂರವಾಣಿಯಲ್ಲಿ ನಮ್ಮ ಶಿಫಾರಸು ಕೇಳುತ್ತಿರುತ್ತಾನೆ. ಆ ಮನೆಯ ಹೊಸಿಲಿನ ವಿಷಯದಲ್ಲಿ ನಾವು ಆತನ ತಾಯಿಯ ಪಕ್ಷ.