ದೇವರಿದ್ದಾನೆ

ನಮ್ಮ ನಾಡಿನ ಜನರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬಂದು ಹೋಗುವ ಮಾತೊಂದುಂಟು. ಮಳೆ ಕೈಕೊಟ್ಟರೆ, ಸಾಲ ಕೊಟ್ಟವರು ಬಾಗಿಲಿಗೆ ಬಂದು ನಿಂತರೆ, ಮನೆಯೊಳಗೆ ಕಾಯಿಲೆ ಹೊಕ್ಕರೆ, ಮಗಳ ಮದುವೆ ಕೂಡಿಬರದಿದ್ದರೆ, ಎಲ್ಲಕ್ಕೂ ಕಡೆಯ ಮಾತು ಅದೇ: "ದೇವರಿದ್ದಾನೆ." ನಮ್ಮ ಬಾಗಲಕೋಟೆ ಸೀಮೆಯಲ್ಲಿ ಅದನ್ನೇ "ದೇವರದಾನ" ಎನ್ನುತ್ತೇವೆ. ಸಂತೆಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯ ಜಗಲಿಯಲ್ಲಿ, ಪರೀಕ್ಷೆಯ ಕೊಠಡಿಯ ಮುಂದೆ, ಎಲ್ಲಿ ಕಿವಿಗೊಟ್ಟರೂ ಈ ಮಾತು ಕೇಳಿಬರುತ್ತದೆ. ಕೇಳಿ ಕೇಳಿ ಅದು ಸವೆದ ನಾಣ್ಯದಂತಾಗಿದೆ. ಸವೆದ ನಾಣ್ಯದ ಮೇಲಿನ ಮುದ್ರೆಯನ್ನು ಯಾರು ನೋಡುತ್ತಾರೆ?

ಆದರೂ ಒಮ್ಮೆ ನೋಡಬೇಕು. "ದೇವರು ಕೊಡುತ್ತಾನೆ", "ದೇವರು ನಡೆಸಿಕೊಡುತ್ತಾನೆ" ಎಂಬ ಮಾತುಗಳೂ ನಮ್ಮಲ್ಲುಂಟು. ಅವು ಆಸೆ ಇನ್ನೂ ಉಳಿದಿರುವಾಗ ಆಡುವ ಮಾತುಗಳು. ಕಷ್ಟ ಕೈಮೀರಿತೆಂದು ತಿಳಿದ ಮೇಲೆ, ಇನ್ನೇನನ್ನು ಕೇಳಬೇಕೆಂಬುದೂ ತೋಚದಿರುವಾಗ, ನಮ್ಮವರು ಹೇಳುವುದು "ದೇವರಿದ್ದಾನೆ" ಎಂದಷ್ಟೆ. ಕೊಡುತ್ತಾನೆಂದಲ್ಲ, ಮಾಡುತ್ತಾನೆಂದಲ್ಲ, ಇದ್ದಾನೆ. ಇದು ಭವಿಷ್ಯತ್ಕಾಲದ ಭರವಸೆಯಲ್ಲ, ವರ್ತಮಾನಕಾಲದ ಒಂದು ಸಾಕ್ಷ್ಯ. ನೆರವನ್ನು ಬೇಡುವುದೂ ಜೊತೆಯನ್ನು ನಂಬುವುದೂ ಒಂದೇ ಅಲ್ಲವೆಂಬ ಸೂಕ್ಷ್ಮವನ್ನು ನಮ್ಮ ಓದುಬರಹವಿಲ್ಲದ ಹಿರಿಯರು ಒಂದು ಕ್ರಿಯಾಪದದಲ್ಲಿ ಅಡಗಿಸಿಟ್ಟಿದ್ದಾರೆ.

ಈ ಮಾತನ್ನು ದುರುಪಯೋಗ ಮಾಡಿಕೊಳ್ಳುವವರು ಇಲ್ಲವೆಂದಲ್ಲ. ಹೊಲಕ್ಕೆ ಹೋಗದೆ ಕಟ್ಟೆಯ ಮೇಲೆ ಕುಳಿತು "ದೇವರಿದ್ದಾನೆ" ಎನ್ನುವವರನ್ನು ಪ್ರತಿ ಊರಿನಲ್ಲಿಯೂ ಕಾಣಬಹುದು. ಪುಸ್ತಕದ ಹಾಳೆ ತಿರುವದೆ, ಪರೀಕ್ಷೆಯ ಬೆಳಿಗ್ಗೆ ಹನುಮಪ್ಪನಿಗೆ ಕಾಯಿ ಒಡೆಯುವ ನಮ್ಮ ವಿದ್ಯಾರ್ಥಿ ಮಿತ್ರರೂ ಈ ಗುಂಪಿನವರೇ. "ದೇವರ ಮೇಲೆ ಭಾರ ಹಾಕು" ಎಂಬ ಹಿರಿಯರ ಮಾತನ್ನು ಇವರು "ಕೆಲಸ ಬಿಡು" ಎಂದು ಅರ್ಥಮಾಡಿಕೊಳ್ಳುತ್ತಾರೆ. ಆದರೆ ಭಾರ ಹಾಕುವುದೆಂದರೆ ಚಿಂತೆಯ ಭಾರವನ್ನು ಇಳಿಸುವುದೇ ಹೊರತು ಕೈಯಲ್ಲಿರುವ ಕೆಲಸವನ್ನು ಇಳಿಸುವುದಲ್ಲ. "ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯನ್ನು ಕಟ್ಟಿದವರೂ "ದಿಕ್ಕಿಲ್ಲದವರಿಗೆ ದೇವರೇ ದಿಕ್ಕು" ಎಂಬುದನ್ನು ಕಟ್ಟಿದವರೂ ಒಂದೇ ಜನ ಎಂಬುದನ್ನು ನಾವು ಮರೆಯಬಾರದು.

ಜೊತೆ ಹೆಚ್ಚೋ ನೆರವು ಹೆಚ್ಚೋ ಎಂಬ ಪ್ರಶ್ನೆಗೆ ಭಾಗವತದಲ್ಲಿ ಒಂದು ವಿಚಿತ್ರವಾದ ಉತ್ತರವಿದೆ. ಕುರುಕ್ಷೇತ್ರದ ಯುದ್ಧ ಮುಗಿದು ಪಾಂಡವರಿಗೆ ರಾಜ್ಯ ಬಂದಿತು. ಕೃಷ್ಣನು ದ್ವಾರಕೆಗೆ ಹೊರಟು ನಿಂತನು. ಆಗ ಕುಂತಿಯು ಅವನ ಮುಂದೆ ನಿಂತು ತನ್ನ ಕಷ್ಟಗಳನ್ನೆಲ್ಲ ನೆನೆಯುತ್ತಾಳೆ: ಮಗನಿಗೆ ಇಕ್ಕಿದ ವಿಷ, ಅರಗಿನ ಮನೆಯ ಬೆಂಕಿ, ಕಾಡಿನ ವಾಸ, ಯುದ್ಧದ ಭಯ. ನೆನೆದು ಅವಳು ಬೇಡುವುದೇನು? ಇಂಥ ಕಷ್ಟಗಳು ಮತ್ತೆ ಮತ್ತೆ ಬರಲಿ ಎಂದು! ಏಕೆಂದರೆ ಕಷ್ಟ ಬಂದಾಗಲೆಲ್ಲ ಅವನು ಬಳಿಯಲ್ಲಿದ್ದನು. ಸುಖ ಬಂದ ದಿನ ಹೊರಟು ನಿಂತಿದ್ದಾನೆ. ಮೊದಲ ಸಲ ಈ ಕತೆಯನ್ನು ಕೇಳಿದಾಗ ನನಗೆ ಇದು ಅತಿಯೆನಿಸಿತು. ಯಾವ ತಾಯಿ ತಾನೆ ಕಷ್ಟವನ್ನು ಬೇಡಿಯಾಳು? ಆದರೆ ಕುಂತಿ ಮೆಚ್ಚಿದ್ದು ಕಷ್ಟವನ್ನಲ್ಲ, ಕಷ್ಟದಲ್ಲಿ ದೊರೆತ ಸಾನ್ನಿಧ್ಯವನ್ನು ಎಂಬುದು ನಿಧಾನವಾಗಿ ಹೊಳೆಯುತ್ತದೆ.

ಪುರಾಣದ ಮಾತು ಪುರಾಣಕ್ಕಾಯಿತು. ನಾನು ಹೇಳಹೊರಟಿರುವುದು ನಮ್ಮ ಮನೆಯಲ್ಲಿ ಈ ಮಾತು ಹೇಗೆ ಬಾಳಿತೆಂಬುದನ್ನು. ನಮ್ಮದು ಇಳಕಲ್ಲಿನ ನೇಕಾರರ ಮನೆ. ಇಳಕಲ್ಲ ಸೀರೆಯನ್ನು ಬಲ್ಲವರಿಗೆ ಅದರ ಕೆಂಪು ಸೆರಗಿನ ಪರಿಚಯವುಂಟು. ಸೀರೆಯ ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದು ಈ ಊರಿನ ವಿಶೇಷ ಕುಶಲತೆ. ಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೆಯ್ಯುತ್ತಿದ್ದರು. ಅವ್ವ ನೂಲು ತಯಾರು ಮಾಡುತ್ತಿದ್ದಳು. ಶಾಲೆಯಿಂದ ಬಂದ ಮೇಲೆ ಕಂಡಿಕೆ ಸುತ್ತುವುದು ನನ್ನ ಪಾಲಿನ ಕೆಲಸ. ಲಾಳಿಯ ಸದ್ದು ನಿಂತಿತೆಂದರೆ ಮನೆಗೆ ನೆಂಟರು ಬಂದಿದ್ದಾರೆ, ಇಲ್ಲವೆ ಯಾರಿಗೋ ಮೈಯಲ್ಲಿ ನೆಟ್ಟಗಿಲ್ಲ ಎಂದು ತಿಳಿಯುವಷ್ಟು ಆ ಸದ್ದು ನಮಗೆ ಒಗ್ಗಿಹೋಗಿತ್ತು.

2020ನೆಯ ಇಸವಿಯ ಯುಗಾದಿ ಮಾರ್ಚ್ 25ರಂದು ಬಂದಿತು. ದೇಶಕ್ಕೆ ದೇಶವೇ ಲಾಕ್‌ಡೌನ್ ಆದದ್ದೂ ಅದೇ ದಿನ. ಬೇವುಬೆಲ್ಲ ಹಂಚಲು ಪಕ್ಕದ ಮನೆಗೂ ಹೋಗದಂತಾಯಿತು. ನೂಲು ಬರಲಿಲ್ಲ, ನೆಯ್ದ ಸೀರೆಗಳನ್ನು ಕೊಳ್ಳುವವರಿಲ್ಲ. ಬೀದಿಯುದ್ದಕ್ಕೂ ಮಗ್ಗಗಳು ಒಂದೊಂದಾಗಿ ಮೌನ ತಾಳಿದವು. ಅದಕ್ಕಿಂತಲೂ ನಮ್ಮವರನ್ನು ಕಂಗೆಡಿಸಿದ ಸಂಗತಿಯೆಂದರೆ ಗುಡಿಗಳ ಬಾಗಿಲು ಮುಚ್ಚಿದ್ದು. ನಮ್ಮ ರಾಜ್ಯದಲ್ಲಿ ಅವು ಮತ್ತೆ ತೆರೆದದ್ದು ಜೂನ್ 8ರಂದು. ಕಷ್ಟ ಬಂದರೆ ಗುಡಿಗೆ ಹೋಗುವುದು ರೂಢಿ. ಗುಡಿಗೇ ಬೀಗ ಬಿದ್ದರೆ ಎಲ್ಲಿಗೆ ಹೋಗುವುದು? ಅವ್ವ ಮುಚ್ಚಿದ ಬಾಗಿಲಿಗೆ ಬೀದಿಯಿಂದಲೇ ಕೈಮುಗಿದು ಬಂದು, "ಕೀಲಿ ಹಾಕ್ಯಾರ ಅಂದ್ರ ಅಂವ ಒಳಗ ಅದಾನ ಅಂತ ಆತಲ್ಲ" ಎಂದು ನಕ್ಕಳು. ಆ ದಿನಗಳಲ್ಲಿ ಪಡಿತರದ ಅಕ್ಕಿ ಬಂದಿತು. ಕೈಮಗ್ಗದ ನೇಕಾರರಿಗೆ ಸರಕಾರವು ವರ್ಷಕ್ಕೆ 2,000 ರೂಪಾಯಿ ನೆರವನ್ನು ಘೋಷಿಸಿತು. ಒಬ್ಬರ ಮನೆಯ ಜೋಳ ಇನ್ನೊಬ್ಬರ ಮನೆಯಲ್ಲಿ ರೊಟ್ಟಿಯಾಯಿತು. ಹೇಗೋ ದಾಟಿದೆವು.

ಮುಂದಿನ ವರ್ಷ ದಾಟಲಾಗಲಿಲ್ಲ. 2021ರ ಮೇ ತಿಂಗಳಲ್ಲಿ ಅಪ್ಪನಿಗೆ ಕೊರೋನಾ ತಗಲಿತು. ಒಂಬತ್ತು ದಿನ ನಾವು ಮನೆಯಲ್ಲಿ ದೀಪ ಆರಗೊಡಲಿಲ್ಲ. ನನಗೆ ತಿಳಿದ ದೇವರ ಹೆಸರುಗಳನ್ನೆಲ್ಲ ಹಿಡಿದು ಬೇಡಿದೆ. ಹತ್ತನೆಯ ದಿನ ಅಪ್ಪ ತೀರಿಕೊಂಡರು. ಕಡೆಯ ಸಲ ಮುಖ ನೋಡುವ ಅವಕಾಶವೂ ನಮಗೆ ಸರಿಯಾಗಿ ದೊರೆಯಲಿಲ್ಲ. ಆ ವಾರ ಸಮಾಧಾನ ಹೇಳಲು ಬಂದವರು ಬಾಗಿಲಾಚೆಯೇ ನಿಂತು ಹೇಳಿದ್ದು ಅದೇ ಮಾತು: "ದೇವರದಾನ." ಆ ಮಾತನ್ನು ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಇದ್ದವನು ಒಂಬತ್ತು ದಿನ ಏನು ಮಾಡುತ್ತಿದ್ದನು?

ಮಗ್ಗದ ಮೇಲೆ ಅಪ್ಪ ಅರ್ಧ ನೆಯ್ದಿದ್ದ ಸೀರೆಯಿತ್ತು. ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಅವ್ವ ಕುಣಿಗೆ ಇಳಿದು ಕುಳಿತಳು. ಅವಳಿಗೆ ನೆಯ್ಗೆ ಗೊತ್ತಿತ್ತು. ಆದರೆ ಅಪ್ಪನ ಜಾಗದಲ್ಲಿ ಎಂದೂ ಕುಳಿತವಳಲ್ಲ. ನಾನು ಅಳುತ್ತ, "ಇದನ್ನ ಕತ್ತರಿಸಿ ತಗದು ಬಿಡು" ಎಂದೆ. "ನಿಮ್ಮಪ್ಪ ಹಾಕಿದ ಹಾಸು, ಹಂಗ ಹೆಂಗ ಬಿಡಾಕ ಬರತೈತಿ? ನೀ ಓದ್ಕೋ ಹೋಗು. ದೇವರದಾನ" ಎಂದು ಲಾಳಿ ಕೈಗೆತ್ತಿಕೊಂಡಳು. ಅವಳ ಗಂಟಲು ಕಟ್ಟಿತ್ತು, ಕೈ ಮಾತ್ರ ಕೆಲಸ ಮಾಡುತ್ತಿತ್ತು. ಊರವರ ಬಾಯಲ್ಲಿ ನನ್ನನ್ನು ಸುಟ್ಟ ಮಾತು ಅವ್ವನ ಬಾಯಲ್ಲಿ ಸುಡಲಿಲ್ಲ. ಏಕೆಂದರೆ ಅವಳು ಅದನ್ನು ನನಗೆ ಸಮಾಧಾನವೆಂದು ಕೊಡುತ್ತಿರಲಿಲ್ಲ. ತನಗೆ ಊರುಗೋಲೆಂದು ಹಿಡಿದಿದ್ದಳು. ಆ ವರ್ಷ ಎಸ್.ಎಸ್.ಎಲ್.ಸಿ. ಪರೀಕ್ಷೆ ಜುಲೈ 19 ಮತ್ತು 22ರಂದು, ಎರಡೇ ದಿನ ನಡೆಯಿತು. ಲಾಳಿಯ ಸದ್ದು ಕೇಳುತ್ತ ಓದಿದೆ, ಪರೀಕ್ಷೆ ಬರೆದೆ. ಅಂದಿನಿಂದ ಇಂದಿನವರೆಗೆ ನನ್ನ ಓದಿನ ಖರ್ಚೆಲ್ಲ ಆ ಕುಣಿಯಿಂದಲೇ ಎದ್ದು ಬಂದಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿನವಳು.

ನನ್ನ ಸಹಪಾಠಿಗಳಲ್ಲಿ ನಿರೀಶ್ವರವಾದಿಗಳಾದ ಗೆಳತಿಯರಿದ್ದಾರೆ. ಅವರಲ್ಲಿ ಒಬ್ಬಳು ಒಮ್ಮೆ ಬಹಳ ಮೆಲ್ಲಗೆ ಕೇಳಿದಳು: "ಬ್ಯಾಸರ ಮಾಡ್ಕೋಬ್ಯಾಡ. ನಿಮ್ಮವ್ವನ್ನ ನಿಲ್ಲಿಸಿದ್ದು ನಿಮ್ಮವ್ವನ ಧೈರ್ಯ. ಅದಕ್ಕ ದೇವರ ಹೆಸರು ಯಾಕ?" ಇದು ಹಗುರವಾದ ಪ್ರಶ್ನೆಯಲ್ಲ. ತರ್ಕದಿಂದ ಅವಳನ್ನು ಗೆಲ್ಲುವ ಶಕ್ತಿ ನನಗಿಲ್ಲ, ಗೆಲ್ಲಬೇಕೆಂಬ ಹಟವೂ ಇಲ್ಲ. ಆದರೆ ಅವ್ವನನ್ನು ಕೇಳಿದರೆ ಅವಳು ಆ ಧೈರ್ಯವನ್ನು ತನ್ನದೆಂದು ಒಪ್ಪಿಕೊಳ್ಳುವುದಿಲ್ಲ. "ನನಗೆಲ್ಲಿ ಬರಬೇಕ ಧೈರ್ಯ?" ಎನ್ನುತ್ತಾಳೆ. ತನ್ನೊಳಗಿನ ಶಕ್ತಿಯನ್ನು ತನ್ನದಲ್ಲವೆಂದು ತಿಳಿದವಳಿಗೆ ಅದು ಬತ್ತೀತೆಂಬ ಭಯವಿಲ್ಲ. ನಾನು ಕಂಡದ್ದು ಇಷ್ಟೆ; ಇದನ್ನು ಪ್ರಮಾಣವೆಂದು ಮುಂದಿಡುತ್ತಿಲ್ಲ.

ನೇಕಾರರ ಮಾತು ಬಂದಾಗ ಜೇಡರ ದಾಸಿಮಯ್ಯನನ್ನು ನೆನೆಯದಿರಲಾರೆ. ಬಸವಣ್ಣನವರಿಗಿಂತ ಹಿಂದಿನ ಈ ವಚನಕಾರ ಮುದನೂರಿನವನು. ನೆಯ್ಗೆ ಅವನ ಕಾಯಕ, ರಾಮನಾಥ ಅವನ ಅಂಕಿತ. ಅವನು ಬಹುಕಾಲ ಶ್ರಮಪಟ್ಟು ನೆಯ್ದ ವಸ್ತ್ರವನ್ನು ಶಿವನು ಮುದಿ ಜಂಗಮನ ವೇಷದಲ್ಲಿ ಬಂದು ಬೇಡಿ ಪಡೆದು, ಅವನ ಕಣ್ಣೆದುರಿನಲ್ಲಿಯೇ ಹರಿದನೆಂದು ಕತೆ ಹೇಳುತ್ತಾರೆ. ದಾಸಿಮಯ್ಯ ಸಿಡಿಮಿಡಿಗೊಳ್ಳಲಿಲ್ಲವಂತೆ. ಕಡೆಗೆ ಶಿವನು ಮೆಚ್ಚಿ ಎಂದಿಗೂ ತೀರದ ತವನಿಧಿಯನ್ನು ಕೊಟ್ಟನೆಂಬುದು ಕತೆಯ ಮುಕ್ತಾಯ. ನನಗೆ ಆ ಮುಕ್ತಾಯಕ್ಕಿಂತಲೂ ವಸ್ತ್ರ ಹರಿದ ಮೇಲಿನ, ತವನಿಧಿ ಬರುವ ಮೊದಲಿನ ಆ ಗಳಿಗೆ ಹೆಚ್ಚು ನಿಜವೆನಿಸುತ್ತದೆ. ನಮ್ಮಂಥವರ ಬಾಳೆಲ್ಲ ನಡೆಯುವುದು ಆ ಗಳಿಗೆಯಲ್ಲಿಯೇ ಅಲ್ಲವೆ? ಅಲ್ಲಿ ದೇವರ ಕಾಣಿಕೆ ಇನ್ನೂ ಬಂದಿಲ್ಲ. ದೇವರು ಮಾತ್ರ ಎದುರಿಗೇ ಇದ್ದಾನೆ, ಗುರುತು ಸಿಕ್ಕಿಲ್ಲ.

ಮಹಾತ್ಮಾ ಗಾಂಧಿಯವರು ತಮ್ಮ ಆತ್ಮಕತೆಯಲ್ಲಿ ಬಾಲ್ಯದ ಒಂದು ಸಣ್ಣ ಸಂಗತಿಯನ್ನು ಬರೆದಿದ್ದಾರೆ. ಹುಡುಗನಾಗಿದ್ದಾಗ ಅವರಿಗೆ ದೆವ್ವಭೂತಗಳೆಂದರೆ ಬಹಳ ಭಯ. ಮನೆಯ ಸೇವಕಿ ರಂಭಾ ಎಂಬಾಕೆ ಅದಕ್ಕೆ ರಾಮನಾಮವನ್ನು ಜಪಿಸುವಂತೆ ಹೇಳಿಕೊಟ್ಟಳು. ಅವಳು ಕತ್ತಲೆಯನ್ನು ಓಡಿಸಲಿಲ್ಲ. ಕತ್ತಲೆಯಲ್ಲಿ ನಡೆಯುವ ಹುಡುಗನಿಗೆ ಜೊತೆಯೊಂದನ್ನು ಕೊಟ್ಟಳು. ಮುಂದೆ ಆ ಹುಡುಗ ಎಂಥೆಂಥ ಕತ್ತಲೆಗಳನ್ನು ದಾಟಿದನೆಂಬುದು ಲೋಕಕ್ಕೆ ತಿಳಿದ ವಿಷಯ. ಅದರ ಬೀಜ ಬಿತ್ತಿದವಳು ಒಬ್ಬ ಸೇವಕಿ. ದೊಡ್ಡ ನಂಬಿಕೆಗಳು ಎಷ್ಟೋ ವೇಳೆ ಇಂಥ ಕೈಗಳಿಂದಲೇ ಬರುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಅಪ್ಪ ಏಕೆ ಉಳಿಯಲಿಲ್ಲವೆಂಬ ನನ್ನ ಪ್ರಶ್ನೆ ಹಾಗೆಯೇ ಇದೆ. ಅದಕ್ಕೆ ಉತ್ತರ ಸಿಕ್ಕಿತೆಂದು ಬರೆದರೆ ಸುಳ್ಳಾದೀತು. ಆದರೆ ಉತ್ತರ ಸಿಗದಿದ್ದರೂ ಬಾಳು ನಿಲ್ಲಲಿಲ್ಲ. ಆ ನಡೆಯುವಿಕೆಯಲ್ಲಿ ನಾನು ಒಬ್ಬಂಟಿಯೆಂದು ನನಗೆ ಅನಿಸಲಿಲ್ಲ. ಪ್ರಾರ್ಥನೆ ಮಾಡಿದರೆ ಕೇಳಿದ್ದು ಸಿಕ್ಕೇ ಸಿಗುತ್ತದೆಂದು ಹೇಳುವವರನ್ನು ನಾನು ಈಗ ನಂಬಲಾರೆ. ಪ್ರಾರ್ಥನೆಯಿಂದ ಏನೂ ಸಿಗುವುದಿಲ್ಲ ಎನ್ನುವವರನ್ನೂ ನಂಬಲಾರೆ.

ಈ ವರ್ಷ ನಮ್ಮಲ್ಲಿ ಅನೇಕರು ಪದವಿ ಮುಗಿಸಿ ಹೊರಗೆ ಹೋಗುತ್ತಿದ್ದೇವೆ. ಹೊರಗೆ ನೌಕರಿಗಳು ಕಾದು ಕುಳಿತಿಲ್ಲವೆಂಬುದು ಎಲ್ಲರಿಗೂ ತಿಳಿದಿದೆ. ಅರ್ಜಿಗಳು ಹಿಂದಿರುಗುತ್ತವೆ, ಮನೆಯವರ ಕಣ್ಣುಗಳು ನಮ್ಮನ್ನೇ ನೋಡುತ್ತವೆ. ಅಂಥ ದಿನ ಯಾರಾದರೂ ಹಿರಿಯರು ಬಂದು "ದೇವರಿದ್ದಾನೆ" ಎಂದರೆ ಸಹೋದರ ಸಹೋದರಿಯರು ಬೇಸರಪಡದಿರಲಿ. ಅವರು ನಮಗೆ ನೌಕರಿಯ ಭರವಸೆಯನ್ನು ಕೊಡುತ್ತಿಲ್ಲ. ತಾವು ಯಾವುದನ್ನು ಹಿಡಿದು ಇಷ್ಟು ದೂರ ಬಂದರೋ ಅದನ್ನು ನಮ್ಮ ಕೈಗೂ ಚಾಚುತ್ತಿದ್ದಾರೆ. ಹಿಡಿಯುವುದೂ ಬಿಡುವುದೂ ನಮ್ಮ ಇಚ್ಛೆ. ನಾನಂತೂ ಹಿಡಿದಿದ್ದೇನೆ, ಹಿಡಿದು, ನಾಳೆಯ ಪಾಠವನ್ನು ಓದಲು ಕುಳಿತಿದ್ದೇನೆ.