ಕೈ ತೊಳೆದು ಬನ್ನಿ

ನಮ್ಮವರು ಯಾರ ಮನೆಗೇ ಹೋಗಲಿ, ಮೊದಲು ಕೇಳುವ ಕುಶಲಪ್ರಶ್ನೆ "ಊಟವಾಯಿತೇ?" ಎಂಬುದು. ಡೊಂಬಿವಲಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಈ ಪ್ರಶ್ನೆ ಬಂದಾಗ ಅಣ್ಣ ನಕ್ಕು, "ರಾತ್ರಿ ಒಂಬತ್ತಕ್ಕೆ ಕೂತರೆ ಬೆಳಿಗ್ಗೆ ಒಂಬತ್ತಕ್ಕೆ ಏಳುತ್ತೇನೆ" ಎನ್ನುತ್ತಾನೆ. ಬಂದವರು ಹಾಸ್ಯವೆಂದು ತಿಳಿಯುತ್ತಾರೆ. ಅದು ಹಾಸ್ಯವಲ್ಲ.

ಎರಡು ವರ್ಷಗಳ ಕೆಳಗೆ ಅಣ್ಣನ ಕರುಳಿಗೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪುಗಟ್ಟಿ, ಸಣ್ಣ ಕರುಳಿನ ಬಹುಭಾಗವನ್ನು ಕತ್ತರಿಸಿ ತೆಗೆಯಬೇಕಾಯಿತು. ಸುಮಾರು 20 ಅಡಿಯ ಕರುಳಿನಲ್ಲಿ ಉಳಿದದ್ದು 2 ಅಡಿ. ಉಂಡದ್ದು ಮೈಗೆ ಹತ್ತುವಂತಿಲ್ಲ. ಆದುದರಿಂದ ಗ್ಲೂಕೋಸು, ಅಮೈನೊ ಆಮ್ಲ, ಕೊಬ್ಬು, ಲವಣಗಳು ಸೇರಿದ ಒಂದು ಚೀಲದಿಂದ ಆಹಾರವು ನೇರವಾಗಿ ರಕ್ತಕ್ಕೇ ಇಳಿಯಬೇಕು. ಎದೆಯ ಚರ್ಮದ ಕೆಳಗೆ ಹಾಯ್ದು, ಹೃದಯದ ಸಮೀಪದ ದೊಡ್ಡ ರಕ್ತನಾಳದಲ್ಲಿ ತುದಿಯಿಟ್ಟಿರುವ ಮೃದುವಾದ ಕ್ಯಾತಿಟರ್ ಕೊಳವೆಯೇ ಈಗ ಅವನ ಬಾಯಿ.

ಇದು ಬಹಳ ಹಳೆಯ ವಿದ್ಯೆಯೇನೂ ಅಲ್ಲ. ಅಮೆರಿಕದ ಫಿಲಡೆಲ್ಫಿಯದಲ್ಲಿ ಡಾ. ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು ನಾಯಿಮರಿಗಳನ್ನು ಹೀಗೆ ರಕ್ತನಾಳದ ಆಹಾರದಿಂದಲೇ ಬೆಳೆಸಿ ತೋರಿಸಿ, 1968ರಲ್ಲಿ ಅದನ್ನು ಪ್ರಕಟಿಸಿದರು. 1973ರಲ್ಲಿ ಸಿಯಾಟಲಿನ ಬ್ರೋವಿಯಾಕ್ ಮತ್ತಿತರರು ದೀರ್ಘಕಾಲ ಮೈಯಲ್ಲಿ ಇಡಬಹುದಾದ ಸಿಲಿಕೋನ್ ಕೊಳವೆಯನ್ನು ವಿವರಿಸಿದರು. ಅಂಥ ಕೊಳವೆಗಳಿಂದಾಗಿ ರೋಗಿಯು ಮನೆಯಲ್ಲೇ ಮಲಗಿ 'ಉಣ್ಣುವುದು' ಸಾಧ್ಯವಾಯಿತು. ಅಣ್ಣ ಇಂದು ನಮ್ಮೊಡನೆ ಕುಳಿತು ಮಾತನಾಡುತ್ತಿರುವುದು ಇಂಥವರ ಪುಣ್ಯದಿಂದ.

ಆದರೆ ಬಾಯಿಯಿಂದ ಉಂಡರೆ ಜಠರದ ಆಮ್ಲ, ಕರುಳಿನ ಗೋಡೆ ಎಂಬ ಕಾವಲುಗಾರರಿದ್ದಾರೆ. ಕೊಳವೆಗೆ ಯಾವ ಕಾವಲೂ ಇಲ್ಲ. ನಮ್ಮ ಚರ್ಮದ ಮೇಲೆ ಸುಮ್ಮನೆ ಬಿದ್ದಿರುವ ಕ್ರಿಮಿಯು ಕೊಳವೆಯ ಮುಚ್ಚಳದ ಮೂಲಕ ಒಳಹೊಕ್ಕರೆ ಸೀದಾ ಹೃದಯದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಒಳಗೆ ಸೇರಿದ ಮೇಲೆ, ತೊಳೆಯದ ನೀರಿನ ತೊಟ್ಟಿಯಲ್ಲಿ ಕಟ್ಟುವಂಥ ಲೋಳೆಯ ಪದರವನ್ನು ಕೊಳವೆಯ ಗೋಡೆಗೆ ಕಟ್ಟಿಕೊಂಡು ಅದರ ಮರೆಯಲ್ಲಿ ವಾಸಿಸುತ್ತದೆ. ಔಷಧಿಗೂ ಅಲ್ಲಿ ಸುಲಭವಾಗಿ ಎಟುಕುವುದಿಲ್ಲ.

ಆಸ್ಪತ್ರೆಯ ಸಿಸ್ಟರು ಇದನ್ನೆಲ್ಲ ಹೇಳಿ, ಅತ್ತಿಗೆಗೂ ನಮಗೂ ಹಲವು ದಿನ ಪಾಠ ಮಾಡಿಸಿ ಕಳುಹಿಸಿದ್ದರು. ಸೋಪಿನಿಂದ ಕೈ ತೊಳೆಯುವುದು, ಹೊಸ ಕಾಗದದಿಂದ ಒರೆಸುವುದು, ಮುಚ್ಚಳವನ್ನು ಸ್ಪಿರಿಟಿನ ಬಟ್ಟೆಯಿಂದ 15 ಎಣಿಸುವವರೆಗೆ ಉಜ್ಜಿ ಆರಲು ಬಿಡುವುದು, ಆಮೇಲೆ ಜೋಡಿಸುವುದು. ನಮ್ಮ ಅಮ್ಮ, "ಮಡಿಯುಟ್ಟು ಮುಟ್ಟಿದರೆ ಸಾಲದೇನಮ್ಮಾ?" ಎಂದು ಕೇಳಿದ್ದಕ್ಕೆ ಸಿಸ್ಟರು, "ಅಜ್ಜಿ, ಒದ್ದೆ ಬಟ್ಟೆ ಅಂದರೆ ಕ್ರಿಮಿಗಳಿಗೆ ಹಬ್ಬ" ಎಂದಿದ್ದರು.

ಕಳೆದ ಮಳೆಗಾಲದಲ್ಲಿ ಅತ್ತಿಗೆ ತಮ್ಮ ತಂಗಿಯ ಮದುವೆಗೆಂದು ಧಾರವಾಡಕ್ಕೆ ಹೋದರು. ಕೆಲಸ ನಮ್ಮ ಪಾಲಿಗೆ ಬಂತು. ಅಂದು ಕಛೇರಿಯಲ್ಲಿ ಜರೂರು ಕಡತಗಳ ಗಡಿಬಿಡಿ. ಹಳಿಯ ಮೇಲೆ ನೀರು ನಿಂತು ಲೋಕಲ್ ಗಾಡಿ ಕುರ್ಲಾದಲ್ಲಿ ಒಂದು ಗಂಟೆ ತಡೆಯಿತು. ಮನೆ ಸೇರಿದಾಗ ರಾತ್ರಿ ಹತ್ತೂವರೆ. ಕೈ ತೊಳೆದೆವು. ಅಷ್ಟರಲ್ಲಿ ಫೋನು ಬಂತು, ಎತ್ತಿಕೊಂಡೆವು. ಮತ್ತೆ ತೊಳೆಯದೆ, ಮುಚ್ಚಳವನ್ನು ಒರೆಸಿದ ಶಾಸ್ತ್ರ ಮಾಡಿ, ನಳಿಗೆ ಜೋಡಿಸಿದೆವು. 'ನಾವು' ಎನ್ನುವುದು ಬರವಣಿಗೆಯ ರೂಢಿ. ಮಾಡಿದ ಕೈ ಒಂದೇ.

ಮೂರನೆಯ ರಾತ್ರಿ ಚೀಲ ಜೋಡಿಸಿ ಅರ್ಧ ಗಂಟೆಯಾಗುವುದರೊಳಗೆ ಅಣ್ಣನಿಗೆ ಮಂಚ ಅಲುಗುವಂತೆ ನಡುಕ ಬಂತು. ಜ್ವರ 103 ಡಿಗ್ರಿ. "ಸೊಳ್ಳೆಯ ಕಾಲ, ಮಲೇರಿಯವಿರಬೇಕು" ಎಂದರು ಅಮ್ಮ. ನಮಗೂ ಹಾಗೆ ನಂಬಲು ಮನಸ್ಸಾಯಿತು. ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾದೆವು. ಅದು ಎರಡನೆಯ ತಪ್ಪು. ಕೊಳವೆಯಿರುವವರಿಗೆ 100.4 ಡಿಗ್ರಿ ಜ್ವರ ಬಂದರೂ, ಚೀಲ ಹಚ್ಚಿದಾಗ ನಡುಕ ಬಂದರೂ, ಹರಿಸುವುದನ್ನು ನಿಲ್ಲಿಸಿ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕೆಂದು ಸಿಸ್ಟರು ಕಾಗದದಲ್ಲಿ ಬರೆದು ಕೊಟ್ಟಿದ್ದರು. ಕಾಗದ ಕಪಾಟಿನಲ್ಲಿತ್ತು.

ಆಸ್ಪತ್ರೆಯಲ್ಲಿ ಕೊಳವೆಯಿಂದಲೂ ತೋಳಿನಿಂದಲೂ ರಕ್ತ ತೆಗೆದು ಕ್ರಿಮಿ ಬೆಳೆಯಲು ಇಟ್ಟರು. ಕೊಳವೆಯ ರಕ್ತದಲ್ಲಿ ಎರಡು ಗಂಟೆಗೂ ಹೆಚ್ಚು ಮುಂಚಿತವಾಗಿ ಬೆಳೆಯಿತು. ಹಾಗಾದರೆ ಮೂಲ ಕೊಳವೆಯೇ ಎಂದು ಅರ್ಥ. ಸಿಕ್ಕಿದ್ದು ಸ್ಟ್ಯಾಫಿಲೊಕಾಕಸ್ ಆರಿಯಸ್, ಎಷ್ಟೋ ಜನರ ಮೂಗಿನಲ್ಲೂ ಕೈಮೇಲೂ ತಣ್ಣಗಿರುವಂಥದು. ಕೆಲವು ಕ್ರಿಮಿಗಳಾದರೆ ಕೊಳವೆಯನ್ನು ಉಳಿಸಿಕೊಂಡೇ ಔಷಧಿ ಕೊಡುವುದುಂಟು. ಇದಕ್ಕೆ ಹಾಗಿಲ್ಲ, ಕೊಳವೆ ತೆಗೆಯಲೇಬೇಕಾಯಿತು. ಮೈಯಲ್ಲಿ ಇಂಥ ಕೊಳವೆ ಹಿಡಿಸುವ ರಕ್ತನಾಳಗಳು ಬೆರಳೆಣಿಕೆಯಷ್ಟು. ಬದಲಿ ಕೊಳವೆಯನ್ನು ಇನ್ನೊಂದು ಪಕ್ಕದಲ್ಲಿ ಹಾಕಿದರು. ಮೂರು ವಾರ ಆಸ್ಪತ್ರೆಯಲ್ಲಿದ್ದೆವು.

ಕ್ರಿಮಿ ನಮ್ಮ ಕೈಯಿಂದಲೇ ಹೋಯಿತೆಂದು ಯಾರೂ ರುಜುವಾತು ಮಾಡಲಾರರು. ಅಲ್ಲವೆಂದು ಹೇಳುವ ಧೈರ್ಯ ನಮಗಿಲ್ಲ. ಮನೆಗೆ ಬಂದ ರಾತ್ರಿ ಅಣ್ಣನ ಮುಂದೆ ಎಲ್ಲವನ್ನೂ ಹೇಳಿಬಿಟ್ಟೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಮೇಲೆ ಸಿಟ್ಟು ಮಾಡಿ ಏನು ಮಾಡಲೋ? ನಾಳೆ ಮತ್ತೆ ನೀನೇ ಜೋಡಿಸಬೇಕಲ್ಲ. ನಿಧಾನ ಮಾಡು, ತಡವಾದರೆ ಆಗಲಿ. ನನ್ನ ಊಟ ಆರಿಹೋಗುವುದಿಲ್ಲ" ಎಂದ.

ಅಂದಿನಿಂದ ಫೋನು ಅಡುಗೆಮನೆಯಲ್ಲಿ ಉಳಿಯುತ್ತದೆ. ಸಿಸ್ಟರ ಕಾಗದ ಗೋಡೆಯ ಮೇಲಿದೆ. ಅಮ್ಮ ಬಾಗಿಲ ಬಳಿ ಕುಳಿತು ಗಟ್ಟಿಯಾಗಿ 15ರವರೆಗೆ ಎಣಿಸುತ್ತಾರೆ. ನಾವು 12ಕ್ಕೇ ಕೈ ತೆಗೆದರೆ, "ಇನ್ನೂ ಮೂರಿದೆ" ಎನ್ನುತ್ತಾರೆ.

ಸಂಘದ ಬಂಧುಗಳು ಅಣ್ಣನನ್ನು ನೋಡಲು ಬರುತ್ತಿರುತ್ತೀರಿ. ನಿಮ್ಮ ಮಾತೇ ಅವನಿಗೆ ಹಬ್ಬದೂಟ. ಬಾಗಿಲಲ್ಲೇ ಅಮ್ಮ ನಿಮಗೆ ಬಚ್ಚಲುಮನೆಯ ದಾರಿ ತೋರಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೆಗಡಿ, ಜ್ವರವಿದ್ದರೆ ಒಂದು ವಾರ ಬಿಟ್ಟು ಬನ್ನಿ. ಕೈ ತೊಳೆದು ಬಂದವರಿಗೆ ಕಾಫಿ ಸಿದ್ಧವಾಗಿರುತ್ತದೆ.