ಎರೆ ಯಾವುದು ಅಂತ ಕೇಳಿದ್ದೆಯಲ್ಲ

ಹುಣಸೂರು

ಪ್ರೀತಿಯ ತಮ್ಮಾ,

ಮಿನ್ನೆಸೋಟಾದ ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ವಾಲೈ ಮೀನಿಗೆ ಕಾಯುವ ನಿನ್ನ ಕಾಗದ ತಲುಪಿತು. ದಸರಾ ರಜೆಗೆ ಬರುವಾಗ ಅಲ್ಲಿನ ಕುಣಿಸುವ ಗಾಳಗಳಾದ ಜಿಗ್ಗುಗಳ ಪೆಟ್ಟಿಗೆ ತರಲಾ ಅಂತ ಕೇಳಿದ್ದೀಯ. ಬೇಡ. ಇಲ್ಲಿನ ಊರುಗಳ ನನ್ನ ಸುತ್ತಾಟದಲ್ಲಿ ಕೆರೆ ಏರಿ, ಹೊಳೆ ದಂಡೆಗಳಲ್ಲಿ ಗಾಳದವರ ಪಕ್ಕ ಕೂತು ನೋಡಿದ್ದನ್ನು ಬರೆಯುತ್ತೇನೆ, ಓದಿ ನೀನೇ ತೀರ್ಮಾನ ಮಾಡು.

ವಾಲೈ ಕಣ್ಣಿನೊಳಗೆ ಬೆಳಕನ್ನು ತಿರುಗಿಸುವ ಪದರ ಇದೆ, ಮಬ್ಬಿನಲ್ಲಿ ಅದಕ್ಕೆ ಬೇಟೆ ಸಲೀಸು, ಅದಕ್ಕೇ ಮುಸ್ಸಂಜೆಗೆ ಕಾಯುತ್ತೇನೆ ಅಂದಿದ್ದೆಯಲ್ಲ, ಇಲ್ಲೂ ಲೆಕ್ಕ ಅದೇ. ಬಾಳೆಮೀನು ಹಗಲೆಲ್ಲ ಮಡುವಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಸಣ್ಣ ಮೀನು ಹುಡುಕಿ ಹೊರಡುತ್ತದೆ. ಹಾರಂಗಿ ನಾಲೆಯ ನೀರು ಕಾಣುವ ಪಿರಿಯಾಪಟ್ಟಣದ ಕಡೆ ಮಾತು ಬೇರೆ. ಕೆರೆಗೆ ಬಿಟ್ಟು ಬೆಳೆಸುವ ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುವಿನಲ್ಲಿ, ಮೃಗಾಲ್ ತಳದ ಕೆಸರಿನಲ್ಲಿ ಮೇಯುತ್ತವೆ. ಎರೆಗಿಂತ ಮೊದಲು ಬೆಂಡನ್ನು ಎಷ್ಟು ಎತ್ತರಕ್ಕೆ ಕಟ್ಟಬೇಕು ಅನ್ನುವುದು ಇತ್ಯರ್ಥ ಆಗಬೇಕು. ಆಮೇಲೆ ರಾಗಿ ಹಿಟ್ಟೋ, ಕಡಲೆಕಾಯಿ ಹಿಂಡಿಯೋ. ಚಿಕ್ಕ ಗೆಂಡೆಗಾದರೆ ಎರೆಹುಳು ಸಾಕು.

ನನ್ನ ಮನಸ್ಸು ಹಿಡಿದದ್ದು ಕೊರವ ಮೀನು. ಕಿವಿರಿದ್ದರೂ ಅದು ಗಾಳಿ ಕುಡಿಯಲು ಮೇಲೆ ಬರಲೇಬೇಕು. ತಾವರೆ ಎಲೆಗಳ ಸಂದಿಯಲ್ಲಿ ನೀರು ಬುಳಕ್ ಅಂದ ಕಡೆ ಪುಟ್ಟ ಕಪ್ಪೆ ಸಿಕ್ಕಿಸಿದ ಗಾಳವನ್ನು ಕುಣಿಸುತ್ತಾ ಎಳೆಯುತ್ತಾರೆ. ನಿನ್ನ ಜಿಗ್ಗಿನ ಕುಣಿತವೇ. ಆದರೆ ಮಳೆಗಾಲದಲ್ಲಿ ಇದರ ಮರಿಗಳು ಕೆಂಪಗೆ ಗುಂಪುಗಟ್ಟಿ ತೇಲುತ್ತವೆ, ತಂದೆ-ತಾಯಿ ಅಡಿಯಲ್ಲೇ ಕಾವಲಿರುತ್ತವೆ. ಆ ಗುಂಪಿನ ನಡುವೆ ಗಾಳ ಬಿಟ್ಟರೆ ದೊಡ್ಡದು ತಪ್ಪದೆ ಕಚ್ಚುತ್ತದೆ, ಹಸಿವಿಗಲ್ಲ, ಮರಿ ಉಳಿಸಲು. ಕಾವಲು ಹೋದ ಮರಿಗಳನ್ನು ಉಳಿದ ಮೀನುಗಳು ಮುಗಿಸುತ್ತವೆ. ಇದನ್ನು ಜಾಣತನ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೀನು ಹಾಗೆ ಹಿಡಿಯಬೇಡ.

ಕೆ.ಆರ್. ನಗರದ ಹತ್ತಿರದ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಯಿಂದ ಧುಮುಕುವುದನ್ನು ನೋಡುತ್ತಾ ಬಿಳಿಮೀನಿನ ನೆನಪಾಯಿತು. ಕಾವೇರಿ ಹೊಳೆಸಾಲಿನ ಆ ದೈತ್ಯನಿಗೆ ಹೆಸರಾಂತ ಎರೆ ನಮ್ಮ ರಾಗಿ ಮುದ್ದೆಯೇ: ಹದವಾಗಿ ಬೇಯಿಸಿ, ನಿಂಬೆ ಗಾತ್ರ ಉಂಡೆ ಕಟ್ಟಿ ಗಾಳ ಮುಚ್ಚುವುದು. 1946ರಲ್ಲಿ ಮೈಸೂರಿನ ಡಿವೆಟ್ ವ್ಯಾನ್ ಇಂಗೆನ್ 120 ಪೌಂಡಿನ ಬಿಳಿಮೀನು ಹಿಡಿದು ದಾಖಲೆ ಮಾಡಿದರು. ಡುಬ್ಬದ ಬಿಳಿಮೀನಿಗೆ ವಿಜ್ಞಾನಿಗಳು ಟಾರ್ ರೆಮಾದೇವಿ ಎಂಬ ಹೆಸರನ್ನು ಖಚಿತಪಡಿಸಿದ್ದು 2018ರಲ್ಲಿ. ಅಷ್ಟು ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಾಗಿತ್ತು. ಹತ್ತಿರದಲ್ಲೇ, ಅರಕಲಗೂಡು ಕಡೆಗೆ ಸೇರಿದ ರಾಮನಾಥಪುರದಲ್ಲಿ, ವಹ್ನಿ ಪುಷ್ಕರಿಣಿಯ ಮೀನುಗಳಿಗೆ ಯಾತ್ರಿಕರು ಪುರಿ ಎರಚುತ್ತಾರೆ. ಅವನ್ನು ಯಾರೂ ಹಿಡಿಯುವುದಿಲ್ಲ. ಆ ನಂಬಿಕೆಗೆ ನಾನು ಕೈಮುಗಿದೆ.

ಎರೆಯ ವಿದ್ಯೆ ನಮ್ಮಲ್ಲಿ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ ತನ್ನ ಮಾನಸೋಲ್ಲಾಸದ ಮತ್ಸ್ಯವಿನೋದದಲ್ಲಿ ಕೋಲು, ದಾರ, ಯಾವ ಮೀನಿಗೆ ಯಾವ ತಿನಿಸು ಅಂತ ವಿವರಿಸಿದ್ದಾನೆ.

ಎಚ್.ಡಿ. ಕೋಟೆಗೆ ಬರೀ ನೋಡಲು ಹೋಗೋಣ. 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ ಕಾಡಿನ ಮರಗಳು ಬೋಳಾಗಿ ನಿಂತಿವೆ. ನಾಗರಹೊಳೆ ಕಾಡಿಗೆ ಸೇರಿದ ಕಡೆ ಗಾಳ ಮುಟ್ಟುವಂತಿಲ್ಲ. ಬೇರೆ ಕೆರೆಗಳಲ್ಲೂ ಮೀನಿನ ಹಕ್ಕು ಗುತ್ತಿಗೆ ಹಿಡಿದವರದ್ದು, ಅವರನ್ನು ಕೇಳದೆ ಕೂರಬೇಡ.

ಪೆಟ್ಟಿಗೆ ಅಲ್ಲೇ ಇರಲಿ. ಹಿಮ್ಮುಳ್ಳಿಲ್ಲದ ಸಣ್ಣ ಗಾಳಗಳು ಸಿಕ್ಕರೆ ಒಂದಿಷ್ಟು ತಾ. ಬೇಡವಾದ ಮೀನಿನ ಬಾಯಿ ಹರಿಯದೆ ಬಿಡಿಸಬಹುದು. ರಾಗಿ ಹಿಟ್ಟು ಮನೆಯಲ್ಲಿದೆ.

ನಿನ್ನ
ಅಕ್ಕ